ನಾನು ಅಳಿಸಿದ ಚೌಕ

ಸೀಲಣ್ಣನಿಗೆ, ಇಪ್ಪತ್ತೊಂಬತ್ತು ವರ್ಷ ನಿನ್ನ ಎದುರು ಕುರ್ಚಿಯಲ್ಲಿ ಕುಳಿತಿದ್ದವನ ನಮಸ್ಕಾರ.

ಮಂಡಿನೋವಿಗೆ ನೀನು ಹೇಳಿದ ಎಣ್ಣೆ ಸಾಲದು ಎಂದು ನಿನ್ನೆ ನಾನು ಪಟ್ಟು ಹಿಡಿದು ವಾದಿಸುತ್ತಿದ್ದೆನಲ್ಲ, ಅದನ್ನು ಬಿಟ್ಟುಬಿಡು. ನನ್ನ ಮಂಡಿಗೆ ಏನೂ ಆಗಿಲ್ಲ. ನಿಮ್ಮ ಮನೆಗೆ ಬಂದದ್ದೇ ಬೇರೆ ವಿಷಯಕ್ಕೆ. ನಿನ್ನ ಹೆಂಡತಿ ಎರಡು ಸಲ ಕಾಫಿ ಕೊಟ್ಟರು, ನೀನು ರಿಪೇರಿ ಮಾಡುತ್ತಿದ್ದ ಗೋಡೆ ಗಡಿಯಾರದ ಹಲ್ಲಿನ ಚಕ್ರಗಳನ್ನು ಒಂದೊಂದಾಗಿ ತೋರಿಸಿದೆ, ನಾನು ಮಂಡಿ, ಸೊಂಟ, ಬಸ್ಸಿನ ಮೆಟ್ಟಿಲಿನ ಎತ್ತರ ಎಂದೆಲ್ಲ ಹರಟಿದೆ. ಹೇಳಬೇಕಾದ ಮಾತನ್ನು ಹೇಳಲೇ ಇಲ್ಲ. ಹಾಗೆಯೇ ಎದ್ದು ಬಂದೆ. ಅದಕ್ಕೇ ಇವತ್ತು ಊಟ ಮುಗಿಸಿ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಬಾರದ್ದು ಕೈಯಲ್ಲಿ ಬಂದೀತು.

ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಬೇಕೆನಿಸಿತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಕಲಿಸಿದ್ದರಲ್ಲಿ ನೆನಪಿರುವುದು ಇಂಥ ತಲೆಬುಡವಿಲ್ಲದ ಅರ್ಧಂಬರ್ಧ ವಾಕ್ಯಗಳೇ. ಇದೇ ಕಾರಣಕ್ಕೆ ನೀನು ನನಗೆ ಗ್ರಾಮರಪ್ಪ ಎಂದು ಹೆಸರಿಟ್ಟೆ, ಇಡೀ ಬೂಟು ಕಾರ್ಖಾನೆ ಹಾಗೇ ಕರೆಯಿತು. ಇರಲಿ. ವಿಷಯಕ್ಕೆ ಬರುತ್ತೇನೆ. ಮಂಗಳವಾರದಿಂದ ಗರಬಡಿದವನಂತೆ ಓಡಾಡುತ್ತಿದ್ದೇನೆ.

ನೀನು ಕೆಲಸ ಬಿಟ್ಟು ಹೋಗುವ ಮುಂಚಿನ ಆ ಆರು ವಾರಗಳನ್ನು ನೆನಪು ಮಾಡಿಕೋ. ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ನನಗೆ ದಿನಾ ಬೆಳಗ್ಗೆ ಕಂಪ್ಯೂಟರ್ ಪಾಠ. ಕಲಿಸಲು ಬಂದ ಹುಡುಗಿಗೆ ಬಾಣದಮ್ಮ ಎಂದು ಹೆಸರಿಟ್ಟವನು ನೀನೇ, ಮಾತೆತ್ತಿದರೆ ಬೋರ್ಡಿನ ಮೇಲೆ ಒಂದು ಚೌಕ, ಅದರಿಂದ ಒಂದು ಬಾಣ, ಇನ್ನೊಂದು ಚೌಕ. ಅರವತ್ತಕ್ಕೆ ಒಂದೂವರೆ ವರ್ಷ ಬಾಕಿ ಇರುವವನಿಗೆ ಇದೆಲ್ಲ ಯಾಕೆ ಎಂದು ನಾನು ಗೊಣಗಿದ್ದೂ ಉಂಟು. ಆದರೆ ನಿಜ ಹೇಳುತ್ತೇನೆ, ಎರಡನೇ ವಾರದಿಂದ ನನಗೆ ಅದರ ಹುಚ್ಚು ಹಿಡಿಯಿತು. ವೆಬ್ ಸರ್ವಿಸ್ ಎಂದರೆ ಏನು ಎಂದು ಅವಳು ಹೇಳಿದ ರೀತಿಯೇ ಚೆಂದ. "ಸರ್, ಅದೊಂದು ಕೌಂಟರ್ ಕಿಟಕಿ ಅಂದ್ಕೊಳ್ಳಿ. ಒಳಗೆ ಯಾರಿದಾರೆ, ಹೇಗಿದಾರೆ ನಿಮಗೆ ಬೇಡ. ಇಂಥ ರೀತೀಲಿ ಕೇಳಿದ್ರೆ ಇಂಥ ರೀತೀಲಿ ಉತ್ತರ ಬರತ್ತೆ. ಕೇಳೋ ರೀತಿ ತಪ್ಪಿದ್ರೆ ಕಿಟಕಿ ಮುಚ್ಚತ್ತೆ." ಆಸ್ಪತ್ರೆಯ ಕಂಪ್ಯೂಟರು ಒಂದು ಕಿಟಕಿ, ನಮ್ಮ ಚರ್ಮದ ಉಗ್ರಾಣ ಒಂದು ಕಿಟಕಿ, ಪಾರ್ಸೆಲ್ಲಿನವರು ಒಂದು ಕಿಟಕಿ. ಯಾವ ಕಿಟಕಿಯನ್ನು ಮೊದಲು ಕೇಳಬೇಕು, ಉತ್ತರ ಬಂದ ಮೇಲೆ ಎಲ್ಲಿಗೆ ಹೋಗಬೇಕು, ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಇಷ್ಟನ್ನೂ ಬಾಣಗಳಲ್ಲಿ ಬರೆದುಕೊಟ್ಟರೆ ಮಿಕ್ಕಿದ್ದನ್ನು ಯಂತ್ರವೇ ನಡೆಸುತ್ತದೆ. ಫೈಲು ಹೊತ್ತು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆದು ಚಪ್ಪಲಿ ಸವೆಸಿದವನಿಗೆ ಇದು ಮಾಯಾಬಜಾರಿನ ಹಾಗೆ ಕಂಡಿತು.

ಬಾಣ ಹಾಕುವ ಮುಂಚೆ ಈಗ ಕೆಲಸ ಹೇಗೆ ನಡೆಯುತ್ತಿದೆಯೋ ಅದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು ಎಂದಳು. ಬರೆದೆ. ಒಂದು ಕಾಲು ಗಿಡ್ಡ ಇರುವವರಿಗೆ ಆಸ್ಪತ್ರೆಯಿಂದ ಅಳತೆಯ ಹಾಳೆ ಬರುತ್ತದೆ. ಅದನ್ನು ನೋಡಿ ನಾನು ಕೆಲಸದ ಕಾರ್ಡು ಬರೆಯುತ್ತೇನೆ, ಯಾವ ಕಾಲಿನ ಬೂಟಿನೊಳಗೆ ಎಷ್ಟು ಎತ್ತರದ ಅಟ್ಟೆ ಇಡಬೇಕು ಎಂದು. ಕಾರ್ಡು ನಿನ್ನ ಮೇಜಿಗೆ ಬರುತ್ತದೆ. ನೀನು "ಪರಿಶೀಲಿಸಲಾಗಿದೆ" ಎಂಬ ಸೀಲು ಹೊಡೆಯುತ್ತೀಯ. ಅಲ್ಲಿಂದ ಬೂಟು ಹೊಲಿಯುವವರಿಗೆ. ನಿನ್ನ ಚೌಕದ ಮೇಲೆ ಬಾಣದಮ್ಮ ಪೆನ್ನಿಟ್ಟು ಕೇಳಿದಳು, "ಇಲ್ಲಿ ಒಳಗೆ ಹೋಗೋದೇನು, ಹೊರಗೆ ಬರೋದೇನು?" ಕಾರ್ಡು ಹೋಗುತ್ತದೆ, ಕಾರ್ಡೇ ಬರುತ್ತದೆ ಎಂದೆ. "ಏನಾದ್ರೂ ಬದಲಾಗತ್ತಾ?" ಸೀಲು ಬೀಳುತ್ತದೆ ಎಂದೆ. "ಯಾವತ್ತಾದ್ರೂ ವಾಪಸ್ ಬಂದಿದ್ಯಾ?" ನಾನು ಎದೆಯುಬ್ಬಿಸಿ ಹೇಳಿದೆ, ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಕಾರ್ಡು ಒಂದೂ ವಾಪಸ್ ಬಂದಿಲ್ಲಮ್ಮ.

ಆದರೂ ಅವಳು ಬಿಡಲಿಲ್ಲ. ನಿನ್ನ ಹತ್ತಿರವೇ ಬಂದು ಕೇಳಿದಳು. ನಾನೂ ಪಕ್ಕದಲ್ಲಿ ನಿಂತಿದ್ದೆ. "ಇಲ್ಲಿ ನೀವು ಏನು ಮಾಡ್ತೀರಿ ಸರ್?" ನೀನು ತಲೆಯೆತ್ತಿ ಮೊದಲು ಅವಳನ್ನಲ್ಲ, ನನ್ನನ್ನು ನೋಡಿದೆ. ಆಮೇಲೆ ಹೇಳಿದೆ, "ಸೀಲು ಹೊಡೀತೀನಮ್ಮ."

ಆ ನೋಟ ನನಗೆ ಅವತ್ತು ಅರ್ಥವಾಗಲಿಲ್ಲ. ಈಗ ಅನ್ನ ಕಲೆಸುವಾಗ, ಮುಖ ತೊಳೆಯುವಾಗ, ಅದೇ ನೋಟ ಬಂದು ಎದುರು ನಿಲ್ಲುತ್ತದೆ.

ಯಾವಾಗ ಕೇಳಿದರೂ ಹೂಂ ಎನ್ನುವ ಚೌಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದು ಪಾಠದಲ್ಲೇ ಇತ್ತು. ಡಸ್ಟರು ಕೈಗೆತ್ತಿಕೊಂಡವನು ನಾನು. ಅವಳಲ್ಲ, ಕಾರ್ಖಾನೆಯ ದೊಡ್ಡವರಲ್ಲ, ನಾನು. ನಿನ್ನ ಚೌಕ ಅಳಿಸಿ, ನನ್ನ ಚೌಕದಿಂದ ಹೊಲಿಗೆಯವರಿಗೆ ನೇರ ಬಾಣ ಎಳೆದೆ. ಎಷ್ಟು ಚೊಕ್ಕ ಕಂಡಿತು ಗೊತ್ತಾ? ಆ ಚಿತ್ರ ನೋಡಿ ದೊಡ್ಡವರು ನನ್ನ ಬೆನ್ನು ತಟ್ಟಿದರು. ಮರುವಾರ ನಿನಗೆ ಕಾಗದ ಬಂತು, ಹುದ್ದೆ ಇಲ್ಲ, ಎರಡು ವರ್ಷ ಮುಂಚೆಯೇ ವಿಶ್ರಾಂತಿ. ನೀನು ಇಂಕ್ ಪ್ಯಾಡಿನ ಮುಚ್ಚಳ ಒರೆಸಿ ಮುಚ್ಚಿದೆ, ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡೆ, ಹೋಗುವಾಗ ಒಂದೇ ಮಾತು ಆಡಿದೆ, "ಗ್ರಾಮರಪ್ಪ, ಕಾರ್ಡ್ ಬರೀವಾಗ ಒಂದ್ಸಲ ನಿಂತು ನೋಡು." ನನಗೆ ಉರಿದುಹೋಯಿತು. ಹೊಟ್ಟೆಕಿಚ್ಚಿಗೆ ಚುಚ್ಚಿ ಹೋಗುತ್ತಿದ್ದಾನೆ ಎಂದುಕೊಂಡೆ. ನಿನ್ನನ್ನು ಕಳಿಸಲು ನಾನು ಬಾಗಿಲವರೆಗೂ ಬರಲಿಲ್ಲ, ನೆನಪಿದೆಯಲ್ಲ.

ಆಮೇಲೆ ಯಂತ್ರ ಶುರುವಾಯಿತು. ಆಸ್ಪತ್ರೆಯ ಕಿಟಕಿ ಅಳತೆ ಕಳಿಸುವಾಗ "ಚಿತ್ರದ ಎಡಬದಿ", "ಚಿತ್ರದ ಬಲಬದಿ" ಎಂದು ಎರಡು ಖಾನೆಗಳಲ್ಲಿ ಕಳಿಸುತ್ತದೆ. ನಮ್ಮ ಕಾರ್ಡಿನಲ್ಲಿ ಇರುವುದು "ಎಡಗಾಲು", "ಬಲಗಾಲು". ಯಾವುದರಿಂದ ಯಾವುದಕ್ಕೆ ಗೆರೆ ಎಂದು ನಾನೇ ಹೇಳಬೇಕಿತ್ತು, ಕೆಲಸ ಗೊತ್ತಿರುವವನು ನಾನಲ್ಲವೇ. ಬಾಣದಮ್ಮ ಕೇಳಿದಳು, "ಸರ್, ಗೆರೆ ನೇರಾನಾ, ಅಡ್ಡಾನಾ?" ನೇರ, ಎಡದಿಂದ ಎಡಕ್ಕೆ ಎಂದೆ. "ತಪ್ಪು ಬಂದ್ರೆ ಎಲ್ಲಿಗೆ ಹೋಗ್ಬೇಕು? ಅದಕ್ಕೊಂದು ಬಾಣ ಬೇಕಲ್ವಾ?" ತಪ್ಪು ಬರುವುದಿಲ್ಲಮ್ಮ ಎಂದೆ. ಪರೀಕ್ಷೆಗೆ ಒಂದು ಅಳತೆ ಕೊಡಿ ಎಂದಾಗ, ಎರಡೂ ಬೂಟಿಗೆ ಒಂದೇ ಎತ್ತರವಿದ್ದ ಹಳೆಯ ಹಾಳೆ ಕೊಟ್ಟೆ. ಪಾಸಾಯಿತು. ಆಗದೆ ಏನು! ಪರದೆಯ ಮೇಲೆ ಪ್ರತಿ ಆರ್ಡರೂ ಒಂದು ಹಸಿರು ಚುಕ್ಕೆಯಾಗಿ ಚೌಕದಿಂದ ಚೌಕಕ್ಕೆ ಜಾರಿ ಹೋಗುವುದನ್ನು ನೋಡುತ್ತ ಕೂರುತ್ತಿದ್ದೆ, ಮೊಮ್ಮಗು ಅಂಬೆಗಾಲಿಡುವುದನ್ನು ನೋಡುವ ಹಾಗೆ. ಒಂದೂ ಕೆಂಪಾಗಲಿಲ್ಲ. ಹಸಿರು ಎಂದರೆ ಕೆಲಸ ಮುಂದೆ ಹೋಯಿತು ಎಂದಷ್ಟೇ ಅರ್ಥ. ಸರಿಯಾಯಿತು ಎಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಮಂಗಳವಾರ ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಕೌಂಟರಿಗೆ ಬಂದಳು. ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಚೀಲದಿಂದ ಒಂದು ಜೊತೆ ಪುಟ್ಟ ಬೂಟು ತೆಗೆದು ಮೇಜಿನ ಮೇಲೆ ಇಟ್ಟಳು. ಎರಡರ ಅಟ್ಟೆಯನ್ನೂ ಬ್ಲೇಡಿನಿಂದ ಅಂದವಾಗಿ ಬಿಚ್ಚಿದ್ದಳು. ಹೊರಗಿನಿಂದ ನಮ್ಮ ಬೂಟುಗಳು ಎರಡೂ ಒಂದೇ ಥರ ಕಾಣುತ್ತವಲ್ಲ, ಒಳಗೆ ಏನಿದೆ ಎಂದು ಬಿಚ್ಚದೆ ಗೊತ್ತಾಗುವುದಿಲ್ಲ. "ನನ್ ಮಗಳಿಗೆ ಎಡಗಾಲು ಗಿಡ್ಡ. ನೀವು ಬಲಗಾಲಿನ ಬೂಟಲ್ಲಿ ಎತ್ತರ ಇಟ್ಟಿದೀರಿ. ನೋಡಿ. ಹತ್ತೊಂಬತ್ತು ದಿನ ಹಲ್ಲು ಕಚ್ಕೊಂಡು ನಡೆದಿದಾಳೆ. ಬೂಟಿನ ಜೊತೆ ಚೀಟಿ ಇತ್ತಲ್ಲ, ಮೊದಲು ನೋವಾಗತ್ತೆ, ಬಿಡದೆ ಹಾಕಿ ಅಂತ. ನಾನೂ ಬಿಡಲಿಲ್ಲ. ಅಳ್ತಿದ್ಲು, ಗದರಿಸಿ ಹಾಕಿಸ್ದೆ." ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಹೇಳಿ ಬಚಾವಾಗುತ್ತಿದ್ದೆನೇನೋ. ಆ ಚೀಟಿ ಬರೆದವನೂ ನಾನೇ ಸೀಲಣ್ಣ. "ನೋವನ್ನು ಲೆಕ್ಕಿಸದೆ" ಎಂಬ ಪದ ಹಾಕಿ ಎಷ್ಟು ಚೆನ್ನಾಗಿದೆ ಎಂದು ನಿನಗೆ ಓದಿ ತೋರಿಸಿದ್ದೆ.

ಬೂಟುಗಳನ್ನು ಕೈಗೆತ್ತಿಕೊಂಡು ನೋಡಿದೆ, ಅವಳು ಹೇಳಿದ್ದು ನಿಜ. ಆದರೂ ಮೊದಲು ಬಂದ ಯೋಚನೆ ಏನು ಗೊತ್ತಾ? ಇದು ಯಂತ್ರದ ತಪ್ಪು, ನಾನು ಕೈಯಲ್ಲಿ ಬರೆಯುವಾಗ ಹೀಗೆ ಆಗಿರಲಿಲ್ಲ, ಇದನ್ನು ದೊಡ್ಡವರಿಗೆ ರುಜುವಾತು ಮಾಡಿ ತೋರಿಸಬೇಕು. ಊಟದ ಬಿಡುವಿನಲ್ಲಿ ಫೈಲುಕೋಣೆಗೆ ಹೋಗಿ ಹಳೆಯ ಕಾರ್ಡುಗಳ ಪ್ರತಿಗಳನ್ನು ಕೆಳಗಿಳಿಸಿದೆ. ಆಸ್ಪತ್ರೆಯ ಹಾಳೆ ಎಡಗಡೆ, ನನ್ನ ಕಾರ್ಡು ಬಲಗಡೆ ಇಟ್ಟು ಹೋಲಿಸುತ್ತ ಹೋದೆ. ಎಲ್ಲ ಸರಿ. ನೂರಕ್ಕೆ ನೂರು ಸರಿ. ಬೀಗುತ್ತ ಇನ್ನೊಂದು ಪುಸ್ತಕ ತೆಗೆದಾಗ ಕಂಡಿತು, ನಲವತ್ಮೂರನೆಯ ಕಾರ್ಡಾದ ಮೇಲೆ ನಲವತ್ತೈದು. ನಡುವೆ ಒಂದು ಇಲ್ಲ. ಮುಂದೆ ಅರವತ್ತೊಂದು ಇಲ್ಲ. ಹರಿದ ಗುರುತು ಕೂಡ ಕಾಣದ ಹಾಗೆ ಸ್ಕೇಲಿಟ್ಟು ಕತ್ತರಿಸಲಾಗಿತ್ತು. ಕಾಣೆಯಾದ ನಂಬರಿನ ಮುಂದಿನ ಕಾರ್ಡನ್ನು ಹತ್ತಿರದಿಂದ ನೋಡಿದೆ. ನನ್ನದೇ ಅಕ್ಷರ, ನನ್ನದೇ ಬಾಲ ಎಳೆಯುವ ರೀತಿ. ಆದರೆ ಅಳತೆಯಲ್ಲಿದ್ದ ಏಳರ ಹೊಟ್ಟೆಗೆ ಅಡ್ಡಗೆರೆ ಇತ್ತು.

ನಾನು ಜನ್ಮದಲ್ಲಿ ಏಳಕ್ಕೆ ಅಡ್ಡಗೆರೆ ಹಾಕಿದವನಲ್ಲ. ನಮ್ಮ ಇಡೀ ಕಾರ್ಖಾನೆಯಲ್ಲಿ ಹಾಕುವವನು ನೀನೊಬ್ಬನೇ. ನನ್ನ ತಪ್ಪು ಕಾರ್ಡು ಕತ್ತರಿಸಿ ತೆಗೆದು, ಸರಿಯಾದದ್ದನ್ನು ನನ್ನ ಅಕ್ಷರದಲ್ಲೇ ಬರೆದಿಟ್ಟವನು ನೀನು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಲ್ಲಿ ಉಳಿದಿರುವುದು ಹನ್ನೊಂದು ವರ್ಷದ ಪುಸ್ತಕಗಳು. ಮೂರು ದಿನ ಬಿಡುವಿನಲ್ಲೆಲ್ಲ ಎಣಿಸಿದೆ. ಕಾಣೆಯಾದ ಕಾರ್ಡುಗಳು ಮುನ್ನೂರ ಹನ್ನೆರಡು. ಮೊದಮೊದಲು ತಿಂಗಳಿಗೆ ಒಂದು, ಕೆಲವು ತಿಂಗಳು ಅದೂ ಇಲ್ಲ. ನನ್ನವಳಿಗೆ ಕಾಯಿಲೆ ಎಂದು ಗೊತ್ತಾದ ಮೇಲೆ ತಿಂಗಳಿಗೆ ನಾಲ್ಕು, ಐದು, ಎಂಟು. ಅವಳು ಹೋದ ತಿಂಗಳು ಹತ್ತೊಂಬತ್ತು. ಆ ತಿಂಗಳು ನಾನು ಹೇಗಿದ್ದೆ ಎಂದು ನನಗೇ ನೆನಪಿಲ್ಲ, ಅಲ್ಲಿ ಪುಸ್ತಕದಲ್ಲಿದೆ. "ಆಫೀಸಿಗೆ ಹೋಗಿ, ಕಾರ್ಡು ಬರೀತಾ ಇದ್ರೆ ಮನಸ್ಸು ನಿಲ್ಲತ್ತೆ" ಎಂದು ಅವಳೇ ಹಾಸಿಗೆಯಿಂದ ನನ್ನನ್ನು ಅಟ್ಟುತ್ತಿದ್ದಳು. ಸಂಜೆ ಬಂದು, ನೋಡು, ಇವತ್ತೂ ಒಂದು ತಪ್ಪಿಲ್ಲ ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನಿನ್ನ ವಿಷಯವಾಗಿ ಒಮ್ಮೆ ಕೇಳಿದ್ದಳು, "ನಿಮ್ಮ ಸೀಲಣ್ಣ ಬಾಯಿ ಬಿಟ್ರೆ ಮುತ್ತು ಉದುರತ್ತೆ ಅಂತ ಮುಚ್ಕೊಂಡಿರ್ತಾರಾ?" ಹೌದು ಕಣೇ, ಮುನ್ನೂರ ಹನ್ನೆರಡು ಇದ್ದವು ಎಂದು ಈಗ ಯಾರಿಗೆ ಹೇಳಲಿ.

ತಪ್ಪು ಯಾವುದೆಂದು ನಿನಗೆ ಗೊತ್ತೇ ಇದೆ. ಹಾಳೆಯ ಮೇಲಿನ ಮನುಷ್ಯನ ಚಿತ್ರ ನಮ್ಮ ಕಡೆ ಮುಖ ಮಾಡಿ ನಿಂತಿದೆ, ಅವನ ಎಡಗಾಲು ನಮ್ಮ ಬಲಗಡೆ. ತಲೆ ಸರಿ ಇದ್ದ ದಿನ ಅದು ನೆನಪಿರುತ್ತಿತ್ತು. ಇಲ್ಲದ ದಿನ ಗಿಡ್ಡ ಕಾಲಿನ ಗುರುತು ಬಲಗಡೆ ಕಂಡರೆ ಬಲಗಾಲು ಎಂದು ಬರೆದುಬಿಡುತ್ತಿದ್ದೆ. ಯಂತ್ರಕ್ಕೂ ಅದನ್ನೇ ಹೇಳಿಕೊಟ್ಟೆ. ನನಗಾದರೆ ತಿಂಗಳಿಗೆ ನಾಲ್ಕು ತಪ್ಪುತ್ತಿತ್ತು. ಯಂತ್ರ ಹೇಳಿದ ಮಾತು ಕೇಳುವ ಪ್ರಾಣಿ, ಬಂದದ್ದನ್ನೆಲ್ಲ ತಪ್ಪಾಗಿ ಬರೆಯಿತು. ನಲವತ್ತೊಂದು ಜೊತೆ.

ನೀನು ಮಾಡುತ್ತಿದ್ದ ಡ್ಯಾನ್ಸ್ ಕೂಡ ಆಗಲೇ ಹೊಳೆಯಿತು. ಹಾಳೆಯನ್ನು ಎದೆಗೆ ಅಂಟಿಸಿಕೊಂಡು ಎದ್ದು ನಿಲ್ಲುತ್ತಿದ್ದೆ, ಚಿತ್ರ ಹೊರಗೆ ಮುಖ ಮಾಡಿ, ನೀನೂ ಅದರ ಹಾಗೇ ಹೊರಗೆ ಮುಖ ಮಾಡಿ. ಗುರುತಿದ್ದ ಕಡೆಯ ನಿನ್ನ ತೊಡೆಯನ್ನು ಒಂದು ಸಲ ತಟ್ಟಿ ಕೂರುತ್ತಿದ್ದೆ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಬೂಟು ಹಾಕಿಕೊಳ್ಳುವವನ ಜಾಗದಲ್ಲಿ ನಿಂತು ನೋಡುತ್ತಿದ್ದವನು ನಮ್ಮಲ್ಲಿ ನೀನೊಬ್ಬನೇ ಆಗಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಆ ಪಟ್ಟಿಯಲ್ಲಿ ನಾನು ಅದಕ್ಕೆ ಏನೆಂದು ಬರೆದಿದ್ದೆ ಗೊತ್ತಾ? "ವ್ಯಾಯಾಮ, ಎರಡು ನಿಮಿಷ ನಷ್ಟ."

ಬುಧವಾರ ದೊಡ್ಡವರಿಗೆ ಹೇಳಿಕೆ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಬರೆದರೆ ಗೌರವ ಎಂದು ಮಿಸ್ಟೇಕ್ಸ್ ಹ್ಯಾವ್ ಬೀನ್ ಕಮಿಟೆಡ್ ಎಂದು ಶುರುಮಾಡಿದೆ. ಮಾಡಿದವನ ಹೆಸರೇ ಬೇಡದ ವಾಕ್ಯ, ಎಷ್ಟು ಅನುಕೂಲ! ನನಗೇ ಅಸಹ್ಯವಾಗಿ ಹರಿದು ಹಾಕಿದೆ. ಕನ್ನಡದಲ್ಲಿ ಬರೆದೆ, ತಪ್ಪು ಮಾಡಿದವನು ನಾನು, ಹನ್ನೊಂದು ವರ್ಷ ಅದನ್ನು ತಿದ್ದಿದವನು ಸೀಲು ಹೊಡೆಯುತ್ತಿದ್ದವನು, ಅವನನ್ನು ತೆಗೆಸಿದವನೂ ನಾನು. ದೊಡ್ಡವರು ಎರಡು ಸಲ ಓದಿದರು. ಬೆವರು ಒರೆಸಿಕೊಂಡು ಅವರು ಅಂದದ್ದು ಇಷ್ಟು, "ಹೋಗಿ, ಆ ಮನುಷ್ಯ ಹೇಗೆ ಚೆಕ್ ಮಾಡ್ತಿದ್ದ ಅಂತ ಕೇಳ್ಕೊಂಡು ಬನ್ನಿ. ರೂಲ್ ಮಾಡಿ ಮಿಷನ್ನಿಗೆ ಹಾಕಿಬಿಡೋಣ."

ನಿನ್ನೆ ನಾನು ನಿಮ್ಮ ಮನೆಗೆ ಬಂದದ್ದು ಅದಕ್ಕೆ. ಗಡಿಯಾರದ ಚಕ್ರಗಳನ್ನು ನೀನು ಒಂದೊಂದಾಗಿ ಹೇಳಿಕೊಡುತ್ತಿದ್ದಾಗ, ಕೇಳಿದರೆ ಇದನ್ನೂ ಹೀಗೇ ಹೇಳಿಕೊಡುತ್ತಾನೆ ಎನಿಸಿತು. ಒಂದು ಸಲ ಕುರ್ಚಿ ಕಿತ್ತುಕೊಂಡವನು, ಈಗ ಇದನ್ನೂ ಕಿತ್ತುಕೊಂಡು ಹೋಗಲೇ ಎಂದು ಮಂಡಿನೋವಿನ ಕಥೆ ಹೇಳಿದೆ.

ವಾಪಸ್ ಬರುವ ದಾರಿಯಲ್ಲಿ ಬಾಣದಮ್ಮನಿಗೆ ಫೋನ್ ಮಾಡಿದೆ. ಪಾಠದಲ್ಲಿ ಅವಳು ಒಂದು ವಿಷಯ ಹೇಳಿದ್ದಳು, ನಡೆದುಹೋದ ಕೆಲಸವನ್ನು ಅಳಿಸಲು ಬರುವುದಿಲ್ಲ, ಅದಕ್ಕೆ ಪ್ರತಿಯಾಗಿ ಇನ್ನೊಂದು ಕೆಲಸ ಮಾಡಿ ಸರಿದೂಗಿಸಬೇಕು, ಪ್ರತಿ ಚೌಕಕ್ಕೂ ಅಂಥದ್ದೊಂದು ಮೊದಲೇ ಬರೆದಿಡಬೇಕು ಎಂದು. ನಾನು ಬರೆದಿಟ್ಟಿರಲಿಲ್ಲ. ಇವತ್ತು ರಜೆಯಾದರೂ ಪಾಪ, ಬೆಳಗ್ಗೆಯೇ ಬಂದಳು. ಇಬ್ಬರೂ ಚಿತ್ರವನ್ನು ಮೊದಲಿನಿಂದ ಬರೆದೆವು. ಗೆರೆ ಅಡ್ಡ ಹಾಕಿದೆ. ನಿನ್ನ ಚೌಕವನ್ನು ಇದ್ದಲ್ಲೇ ಹಾಕಿ, ಸೀಲು ಎಂಬ ಮಾತು ತೆಗೆದು "ನಿಂತು ನೋಡುವುದು" ಎಂದು ಬರೆದೆ, ತಪ್ಪಿದ್ದರೆ ಅಲ್ಲಿಂದ ಹಿಂದಕ್ಕೆ ಹೋಗುವ ಬಾಣವನ್ನೂ ಎಳೆದೆ. ಆಮೇಲೆ ನನ್ನ ಚೌಕ ನೋಡಿದೆ. ಒಳಗೆ ಹೋಗುವುದೇನು? ಆಸ್ಪತ್ರೆಯ ಅಳತೆ. ಹೊರಗೆ ಬರುವುದೇನು? ಅದೇ ಅಳತೆ. ಅದನ್ನು ಈಗ ಕಿಟಕಿಯೇ ತಂದುಕೊಡುತ್ತದೆ. ನಡುವೆ ನಾನು ಯಾಕೆ? ನನ್ನ ಚೌಕವನ್ನು ಅಳಿಸಿದೆ. ಬಾಣದಮ್ಮ ಬಾಣಗಳ ಮೇಲೆ ಬೆರಳಿಟ್ಟು ಚಿತ್ರವನ್ನು ಇನ್ನೊಂದು ಸಲ ನೋಡಿದಳು. "ಸರ್, ಬೇಜಾರು ಮಾಡ್ಕೋಬೇಡಿ. ಇದು ಸರಿ ಇದೆ" ಎಂದಳು. ಇದನ್ನು ನಾಳೆ ದೊಡ್ಡವರ ಮೇಜಿನ ಮೇಲೆ ಇಡುತ್ತೇನೆ. ಒಪ್ಪುತ್ತಾರೆ, ಆ ಮಗುವಿನ ತಾಯಿ ಪತ್ರಿಕೆಗೆ ಹೋಗುವ ಮುಂಚೆ ಒಪ್ಪಲೇಬೇಕು. ಒಪ್ಪಿದರೆ ನಿನಗೆ ಕಾಗದ ಬರುತ್ತದೆ. ಬರುವುದು ಬಿಡುವುದು ನಿನ್ನಿಷ್ಟ. ಬಾರದಿದ್ದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಆ ಮಗುವಿನದು ಬಿಟ್ಟು ಮೂವತ್ತೇಳು ಮನೆಗಳಿಗೆ ಫೋನ್ ಮಾಡಿ ಬೂಟು ಬಿಚ್ಚಿಸಿದ್ದೇನೆ. ಇಬ್ಬರು ನಾಳೆ ತಂದುಕೊಡುತ್ತಾರೆ. ಉಳಿದವನು ಒಬ್ಬ, ಮನೆಮನೆಗೆ ಹೋಗಿ ಮೀಟರು ಓದುವವನು. ಮನೆ ಬದಲಾಯಿಸಿದ್ದಾನೆ, ಫೋನು ಹತ್ತುವುದಿಲ್ಲ. ದಿನಕ್ಕೆ ಇನ್ನೂರು ಮನೆ ನಡೆಯುವವನು ಸೀಲಣ್ಣ, ನೋವನ್ನು ಲೆಕ್ಕಿಸದೆ. ನಾಳೆಯಿಂದ ಬೀದಿಬೀದಿ ತಿರುಗಿ ಅವನನ್ನು ಹುಡುಕುವುದೇ ನನ್ನ ಕೆಲಸ.

ನಿನ್ನಿಂದ ನನಗೆ ಒಂದು ಆಗಬೇಕು. ಇದರ ಜೊತೆಗಿರುವ ದಪ್ಪ ಲಕೋಟೆಯಲ್ಲಿ ಆ ನಲವತ್ತೊಂದು ಹಾಳೆಗಳ ನಕಲುಗಳಿವೆ, ಹೆಸರು ಮುಚ್ಚಿದ್ದೇನೆ. ಅವಕ್ಕೆ ನಾನು ಕೈಯಲ್ಲೇ ಹೊಸ ಕಾರ್ಡು ಬರೆದು ಜೊತೆಗೇ ಇಟ್ಟಿದ್ದೇನೆ. ಒಂದೊಂದು ಹಾಳೆಯನ್ನೂ ಎದೆಗಿಟ್ಟುಕೊಂಡು, ತೊಡೆ ತಟ್ಟಿ ನೋಡಿಯೇ ಬರೆದೆ. ಆದರೆ ನನಗೆ ನನ್ನ ಮೇಲೆ ನಂಬಿಕೆ ಉಳಿದಿಲ್ಲ. ಬರುವ ಬುಧವಾರ ಚರ್ಮ ಕತ್ತರಿಸಲು ಶುರುಮಾಡುತ್ತಾರೆ. ಅಷ್ಟರೊಳಗೆ ಒಂದು ಸಲ ನೋಡಿಕೊಡುತ್ತೀಯಾ? ಇಷ್ಟು ವರ್ಷದಲ್ಲಿ ನಾನು ಬಾಯಿಬಿಟ್ಟು ಕೇಳುತ್ತಿರುವುದು ಇದೇ ಮೊದಲು. ತಪ್ಪು ಕಂಡರೆ ಕತ್ತರಿಸಿ ತೆಗೆಯಬೇಡ, ನನ್ನ ಅಕ್ಷರದಲ್ಲಿ ಬರೆಯಲೂ ಬೇಡ. ನನ್ನದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ನಿನ್ನ ಅಕ್ಷರದಲ್ಲೇ ತಿದ್ದು. ಎಲ್ಲರಿಗೂ ಕಾಣಲಿ.

ನಾಳೆ ಬೆಳಗ್ಗೆ ಬಂದು ಬಾಗಿಲಲ್ಲೇ ಕೊಟ್ಟು ಹೋಗುತ್ತೇನೆ, ಒಳಗೆ ಕರೆಯಬೇಡ. ಇನ್ನೂ ಏನೋ ಬರೆಯುವುದಿತ್ತು, ಆದರೆ ಕಿಟಕಿಯ ಬೆಳಕು ಹೋಗುತ್ತಿದೆ, ಗೆರೆಯ ಮೇಲೆ ಗೆರೆ ಬೀಳುತ್ತಿದೆ. ಕಾಣದೆ ಬರೆದು ಕೆಟ್ಟದ್ದು ಸಾಕು.

ನಿನ್ನ ಎರಡೂ ಕಾಲು ನೆಲದ ಮೇಲೆ ಸಮವಾಗಿ ಊರಿರಲಿ, ನಿನ್ನ ಮನೆಯವರು ನೂರು ಕಾಲ ತಂಪಾಗಿರಲಿ.

ನಿನ್ನಿಂದ ನೆಟ್ಟಗಿದ್ದವನು,
ಗ್ರಾಮರಪ್ಪ